ತಲೆಬಾಗಿದ ದೀಪ

ನಮ್ಮ ನಾಡಿನ ಹಾದಿಗಳಲ್ಲಿ ಮೋಟಾರು ಗಾಡಿ ಕಾಣಿಸಿಕೊಳ್ಳುವುದಕ್ಕೆ ಬಹುಕಾಲ ಮುಂಚಿನಿಂದಲೂ ಇರುಳಿನ ಪಯಣ ಇದ್ದೇ ಇದ್ದಿತು. ಸಂತೆ ಮುಗಿಸಿಕೊಂಡು ಊರಿಗೆ ಮರಳುವ ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಲಾಟೀನೊಂದು ತೂಗಾಡುತ್ತಿದ್ದಿತು. ಅದರ ಮಂದಪ್ರಭೆಯಲ್ಲಿ ಎತ್ತುಗಳ ಕಾಲಿನ ನೆರಳು ಸಾಲುಮರಗಳ ಬೊಡ್ಡೆಯ ಮೇಲೆ ದೈತ್ಯಾಕಾರವಾಗಿ ಹೊರಳುತ್ತ, ಗಾಡಿಯ ಜೊತೆಜೊತೆಗೇ ನಡೆದುಬರುತ್ತಿದ್ದಿತು. ಆ ದೀಪದಿಂದ ಗಾಡಿಯವನು ದಾರಿಯನ್ನು ನೋಡುತ್ತಿದ್ದನೆಂದು ತಿಳಿಯಬೇಕಾಗಿಲ್ಲ. ದಾರಿ ಎತ್ತುಗಳಿಗೆ ಗೊತ್ತಿದ್ದಿತು, ಗಾಡಿಯವನು ಸಾಮಾನ್ಯವಾಗಿ ನಿದ್ದೆಹೋಗಿರುತ್ತಿದ್ದನು. ಲಾಟೀನು ಇದ್ದುದು ಎದುರಿನಿಂದಲೋ ಹಿಂದಿನಿಂದಲೋ ಬರುವವನಿಗೆ ಇಲ್ಲೊಂದು ಗಾಡಿಯಿದೆಯೆಂದು ಸಾರುವುದಕ್ಕಾಗಿ. ಮೋಟಾರಾದರೋ ಎತ್ತಿನ ಕಣ್ಣಿಲ್ಲದ ವಾಹನ. ಅದಕ್ಕೆ ಪರರಿಗೆ ಕಾಣಿಸಿಕೊಳ್ಳುವ ದೀಪವಷ್ಟೇ ಸಾಲದೆ, ತಾನು ಕಾಣುವ ದೀಪವೂ ಬೇಕಾಯಿತು. ತಾನು ಕಾಣುವ ದೀಪವು ಪ್ರಖರವಾದಂತೆಲ್ಲ ಪರರ ಕಾಣ್ಕೆಯನ್ನು ಕೆಡಿಸತೊಡಗಿತು. ಈ ಮೂರನೆಯ ತೊಡಕನ್ನು ಬಿಡಿಸಿಕೊಳ್ಳಲು ಮನುಷ್ಯನು ನೂರು ವರ್ಷಕ್ಕೂ ಮಿಕ್ಕಿ ಪಟ್ಟ ಪಾಡೇ ಹೆಡ್‌ಲೈಟಿನ ಚರಿತ್ರೆ.

ಮೊದಲ ಮೋಟಾರುಗಳು ಕುದುರೆ ಸಾರೋಟಿನ ಎಣ್ಣೆದೀಪಗಳನ್ನೇ ಎರವಲು ಪಡೆದಿದ್ದವು. ಕುದುರೆಯ ನಡಿಗೆಗೆ ಸಾಲುತ್ತಿದ್ದ ಆ ಬೆಳಕು ಯಂತ್ರದ ವೇಗಕ್ಕೆ ಸಾಲದೆ ಹೋದಾಗ ಕೈಹಿಡಿದದ್ದು ಅಸಿಟಿಲೀನ್ ಅನಿಲ. 1892ರಲ್ಲಿ ಥಾಮಸ್ ವಿಲ್ಸನ್ ಎಂಬ ಕೆನಡಾ ದೇಶದವನು ಸುಣ್ಣವನ್ನೂ ಇದ್ದಿಲನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಕಾರ್ಬೈಡನ್ನು ಅಗ್ಗವಾಗಿ ತಯಾರಿಸುವ ಮಾರ್ಗವನ್ನು ಕಂಡುಕೊಂಡ ಮೇಲೆ ಈ ದೀಪ ಎಲ್ಲೆಡೆಗೂ ಹಬ್ಬಿತು. ಮಾವಿನಕಾಯಿಯನ್ನು ಹೊತ್ತಿಗೆ ಮುಂಚೆ ಹಣ್ಣುಮಾಡುವ ಮಂಡಿಗಳಲ್ಲಿ ಆ ಬೂದುಬಣ್ಣದ ಕಲ್ಲಿನ ಬೆಳ್ಳುಳ್ಳಿಯಂಥ ನಾತವನ್ನು ಉಂಡವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಡಬ್ಬಿಯ ಕೆಳಮನೆಯಲ್ಲಿ ಕಾರ್ಬೈಡು, ಮೇಲ್ಮನೆಯಲ್ಲಿ ನೀರು. ತಿರುಪನ್ನು ಸಡಿಲಿಸಿದರೆ ನೀರು ತೊಟ್ಟುತೊಟ್ಟಾಗಿ ಇಳಿದು ಅನಿಲ ಹುಟ್ಟಿ, ರಬ್ಬರಿನ ಕೊಳವೆಯ ಮೂಲಕ ದೀಪಕ್ಕೆ ಹರಿದು, ಎರಡು ಕವಲಿನ ಬರ್ನರಿನ ಬಾಯಲ್ಲಿ ಬೀಸಣಿಗೆಯಾಕಾರದ ಬಿಳಿಯ ಜ್ವಾಲೆಯಾಗುತ್ತಿದ್ದಿತು. ಕತ್ತಲಾಗುತ್ತಲೇ ಚಾಲಕನು ಕೆಳಗಿಳಿದು, ದೀಪದ ಗಾಜಿನ ಬಾಗಿಲನ್ನು ತೆರೆದು, ಗಾಳಿಗೆ ಅಂಗೈ ಅಡ್ಡಹಿಡಿದು ಕಡ್ಡಿ ಗೀರಬೇಕು. ಮರುದಿನ ಬೆಳಗ್ಗೆ ಡಬ್ಬಿಯ ತಳದಲ್ಲಿ ಉಳಿದ ಸುಣ್ಣದ ರಾಡಿಯನ್ನು ಬಳಿದು ಚೆಲ್ಲಬೇಕು. 1904ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಪ್ರೆಸ್ಟ್-ಒ-ಲೈಟ್ ಎಂಬ ಕಂಪನಿಯು ಅನಿಲವನ್ನು ಸಿಲಿಂಡರಿನಲ್ಲಿಯೇ ತುಂಬಿ ಮಾರತೊಡಗಿದ ಬಳಿಕ ರಾಡಿಯ ಕಾಟ ತಪ್ಪಿತಾದರೂ ಕಡ್ಡಿಯ ಕಾಟ ಉಳಿದೇ ಇದ್ದಿತು.

ವಿದ್ಯುದ್ದೀಪವು ಆ ಹೊತ್ತಿಗಾಗಲೇ ಮನೆಗಳನ್ನು ಹೊಕ್ಕಿದ್ದರೂ ಮೋಟಾರನ್ನು ಹೊಗಲು ಹಿಂಜರಿದಿತ್ತು. ಏಕೆಂದರೆ ಅಂದಿನ ಬುರುಡೆಯ ಸೂಕ್ಷ್ಮತಂತು ರಸ್ತೆಯ ಕುಲುಕಾಟವನ್ನು ತಾಳುತ್ತಿರಲಿಲ್ಲ, ಗಾಡಿಯಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಸಾಧನವೂ ಇರಲಿಲ್ಲ. ಬಾಗಿದರೂ ಮುರಿಯದ ಟಂಗ್‌ಸ್ಟನ್ ತಂತಿಯನ್ನು ಎಳೆಯುವ ವಿಧಾನವು 1910ರ ಹೊತ್ತಿಗೆ ಸಿದ್ಧಿಸಿತು. 1912ರ ಕ್ಯಾಡಿಲ್ಯಾಕ್ ಗಾಡಿಯಲ್ಲಿ ಚಾರ್ಲ್ಸ್ ಕೆಟರಿಂಗನು ಸ್ಟಾರ್ಟರು, ಡೈನಮೋ, ದೀಪಗಳನ್ನು ಒಂದೇ ವ್ಯವಸ್ಥೆಯಾಗಿ ಹೆಣೆದುಕೊಟ್ಟನು. ಬಡವರ ಗಾಡಿಯಾದ ಫೋರ್ಡ್ ಟಿ ಮಾದರಿಗೆ 1915ರಲ್ಲಿ ವಿದ್ಯುದ್ದೀಪವೇನೋ ಬಂದಿತು. ಆದರೆ ಅದು ಎಂಜಿನಿನ ಮ್ಯಾಗ್ನೆಟೋದಿಂದ ನೇರವಾಗಿ ಉರಿಯುತ್ತಿದ್ದುದರಿಂದ ಎಂಜಿನ್ ವೇಗವಾಗಿ ತಿರುಗಿದಾಗ ಧಗಧಗಿಸಿ, ನಿಧಾನಿಸಿದಾಗ ಮಿಣುಕುತ್ತಿದ್ದಿತು. ಅಪಾಯದ ತಿರುವಿನಲ್ಲಿ, ಅಂದರೆ ಬೆಳಕು ಅತ್ಯವಶ್ಯವಾದಲ್ಲಿಯೇ, ದೀಪ ಮಂಕಾಗುತ್ತಿದ್ದುದು ಆ ಗಾಡಿಯ ಪ್ರಾರಬ್ಧವಾಗಿದ್ದಿತು.

ಬೆಳಕು ಹೀಗೆ ಕೈವಶವಾಗುತ್ತಲೇ ಅದರ ದೋಷವೂ ಎದುರಾಯಿತು. ಎದುರಿನ ಗಾಡಿಯವನು ಕಣ್ಣುಕೋರೈಸಿ ಹಳ್ಳಕ್ಕಿಳಿಯುವನಾದರೆ, ನನ್ನ ದೀಪದ ಪ್ರಕಾಶದಿಂದ ನನಗಾದ ಲಾಭವೇನು? ಮೊದಲು ದೀಪದ ಬುರುಡೆಯನ್ನೋ ಕನ್ನಡಿಯನ್ನೋ ಸನ್ನೆಯಿಂದ ಓಲಿಸುವ ಉಪಾಯಗಳನ್ನು ಹೂಡಿದರು. ಕೊನೆಗೆ 1925ರಲ್ಲಿ ಜರ್ಮನಿಯ ಓಸ್ರಾಂ ಕಂಪನಿಯು ಒಂದೇ ಬುರುಡೆಯಲ್ಲಿ ಎರಡು ತಂತುಗಳನ್ನಿಟ್ಟ ಬಿಲಕ್ಸ್ ದೀಪವನ್ನು ಹೊರತಂದಿತು. ಒಂದು ತಂತು ದೂರದ ಬೆಳಕಿಗೆ. ಇನ್ನೊಂದರ ಕೆಳಗೆ ಲೋಹದ ಪುಟ್ಟ ಬಟ್ಟಲೊಂದನ್ನು ಇಟ್ಟಿದ್ದಾರೆ. ಆ ಬಟ್ಟಲು ಕೆಳಮುಖವಾದ ಕಿರಣಗಳನ್ನು ತಡೆಯುವುದರಿಂದ ಬೆಳಕು ಕನ್ನಡಿಯ ಮೇಲರ್ಧಕ್ಕೆ ಮಾತ್ರ ತಗುಲಿ, ಅಲ್ಲಿಂದ ಪ್ರತಿಫಲಿಸಿ ರಸ್ತೆಯ ಕಡೆಗೆ ತಲೆಬಾಗುತ್ತದೆ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಆ ಬಟ್ಟಲನ್ನು ನಾನು ಹೆಡ್‌ಲೈಟಿನ ಚರಿತ್ರೆಯ ಮುಖ್ಯಪಾತ್ರವೆಂದೇ ಬಗೆದಿದ್ದೇನೆ. ಅದು ಬೆಳಕನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ, ಅರ್ಧದಷ್ಟನ್ನು ನುಂಗಿಬಿಡುತ್ತದೆ. ಅದು ನುಂಗುವುದರಿಂದಲೇ ಇಬ್ಬರು ಚಾಲಕರು ಒಂದೇ ರಸ್ತೆಯಲ್ಲಿ ಎದುರುಬದುರಾಗಿ ಹಾದುಹೋಗಬಲ್ಲರು.

ದೇಶದೇಶಗಳು ಈ ಪ್ರಶ್ನೆಗೆ ತಮಗೆ ತೋರಿದ ಉತ್ತರಗಳನ್ನು ಕೊಟ್ಟವು. ಫ್ರಾನ್ಸು 1930ರ ದಶಕದ ಉತ್ತರಾರ್ಧದಲ್ಲಿ ಹಳದಿ ಬೆಳಕನ್ನು ಕಡ್ಡಾಯಮಾಡಿ, 1993ರವರೆಗೂ ಆ ನಿಯಮವನ್ನು ಬಿಡಲಿಲ್ಲ. ಅಮೆರಿಕವು 1940ರಲ್ಲಿ ತಂತು, ಕನ್ನಡಿ, ಗಾಜುಗಳನ್ನು ಬೇರ್ಪಡಿಸಲಾಗದಂತೆ ಬೆಸೆದ ಏಳಿಂಚಿನ ಸೀಲ್ಡ್ ಬೀಮ್ ದೀಪವನ್ನು ವಿಧಿಸಿ, ಬುರುಡೆಗೆ ಕೈಹಾಕುವ ಅವಕಾಶವನ್ನೇ ಇಲ್ಲವಾಗಿಸಿತು. ಯುರೋಪಿನವರು 1957ರಲ್ಲಿ, ಎದುರಿನವನ ಕಡೆಗೆ ಬೆಳಕನ್ನು ತಗ್ಗಿಸಿ ರಸ್ತೆಯಂಚಿನ ಕಡೆಗೆ ಮಾತ್ರ ಕೊಂಚ ಎತ್ತಿಕೊಡುವ ವಕ್ರವಿನ್ಯಾಸವನ್ನು ಅಂಗೀಕರಿಸಿದರು; ಎಡಗಡೆಯಲ್ಲಿ ನಡೆಯುವ ನಮ್ಮ ದೇಶದಲ್ಲಿ ಆ ಎತ್ತರ ಎಡಕ್ಕೆ ಬೀಳುವಂತೆ ಗಾಜಿನ ಗೀರುಗಳನ್ನು ರಚಿಸಬೇಕಾಗುತ್ತದೆ.

ನಮ್ಮ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರು, ಫಿಯಟ್ಟುಗಳಲ್ಲಿ ಅದೇ ಏಳಿಂಚಿನ ಅಳತೆಯ, ಆದರೆ ಬುರುಡೆಯನ್ನು ಬದಲಿಸಬಹುದಾದ ದುಂಡುದೀಪವೇ ಇದ್ದಿತು. ಒಳಗೆ 45ಕ್ಕೆ 40 ವ್ಯಾಟಿನ, ಅಂದರೆ ದೂರದ ಬೆಳಕಿಗೆ 45, ತಗ್ಗಿದ ಬೆಳಕಿಗೆ 40 ವ್ಯಾಟಿನ, ಸಾಧಾರಣ ಬುರುಡೆ. ಹೊಸದಾಗಿದ್ದಾಗಲೇ ಸೌಮ್ಯವಾದ ಆ ಬೆಳಕು, ಟಂಗ್‌ಸ್ಟನ್ ಆವಿಯಾಗಿ ಗಾಜಿನ ಒಳಮೈಗೆ ಮಸಿಯಂತೆ ಅಂಟಿ, ಕನ್ನಡಿಯ ಮುಲಾಮೂ ಕಳಚಿದ ಮೇಲೆ ಹಳ್ಳಿಯ ಮನೆಯ ಬುಡ್ಡಿದೀಪಕ್ಕೆ ಸಮನಾಗುತ್ತಿದ್ದಿತು. ಹಾಗಾಗಿ ಯುರೋಪಿನಲ್ಲಿ 1962ರಲ್ಲಿ ಮೋಟಾರಿಗೆ ಬಂದು, 1971ರಲ್ಲಿ ಎಚ್-4 ಎಂಬ ಎರಡು ತಂತಿನ ರೂಪವನ್ನು ತಾಳಿದ ಹ್ಯಾಲೊಜನ್ ಬುರುಡೆಯು ನಮ್ಮ ಪೇಟೆಗೆ ಕಾಲಿಟ್ಟಾಗ, ಹಳೆಯ ಗಾಡಿಗಳ ಒಡೆಯರು ಅದಕ್ಕೆ ಮುಗಿಬಿದ್ದುದು ಸಹಜವೇ ಆಗಿದ್ದಿತು. ಅದರೊಳಗಿನ ಅಯೋಡಿನ್ ಅಥವಾ ಬ್ರೋಮಿನ್ ಅಂಶವು ಆವಿಯಾದ ಟಂಗ್‌ಸ್ಟನ್ನನ್ನು ಗಾಜಿಗೆ ಅಂಟಲು ಬಿಡದೆ ತಿರುಗಿ ತಂತಿನ ಬಳಿಗೇ ಕರೆತರುವುದರಿಂದ ತಂತನ್ನು ಹೆಚ್ಚು ಕಾಯಿಸಬಹುದು, ಗಾಜೂ ಕಪ್ಪಾಗದು. ಹಳೆಯ ಬುರುಡೆಯ ದೂರದ ಬೆಳಕು ಸುಮಾರು 860 ಲ್ಯುಮೆನ್ ಆದರೆ, 60ಕ್ಕೆ 55 ವ್ಯಾಟಿನ ಎಚ್-4 ಬುರುಡೆಯದು ಸುಮಾರು 1650.

ಬೆಂಗಳೂರಿನ ಜೆ.ಸಿ. ರಸ್ತೆಯ ಮೋಟಾರು ಸಾಮಾನಿನ ಅಂಗಡಿಗಳಲ್ಲಿ ಬಳಕೆಗೆ ಬಂದ ಮಾತು ಇನ್ನೂ ಒಂದು ಹೆಜ್ಜೆ ಮುಂದಿನದು: ‘ಹಂಡ್ರೆಡ್-ನೈಂಟಿ.’ ನೂರಕ್ಕೆ ತೊಂಬತ್ತು ವ್ಯಾಟಿನ ಆ ಬುರುಡೆಗಳನ್ನು ಹಳೆಯ ಹೋಲ್ಡರಿಗೇ ಒಪ್ಪುವ ಬುಡವನ್ನಿಟ್ಟು ಮಾರುತ್ತಿದ್ದರು. ಎರಡೂ ದೀಪ ಉರಿದರೆ ಸುಮಾರು ಹದಿನೇಳು ಆಂಪಿಯರ್. ಇಪ್ಪತ್ತು ಆಂಪಿಯರಿನ ಆಸುಪಾಸಿನಲ್ಲಿ ದುಡಿಯುವ ಮುದಿ ಡೈನಮೋವಿಗೆ ಅದು ಮೈಮೀರಿದ ಹೊರೆ. ನಲವತ್ತು ವ್ಯಾಟಿಗೆಂದು ಎಳೆದ ವೈರು ಬಿಸಿಯೇರಿ, ಸ್ವಿಚ್ಚಿನ ಬೇಕಲೈಟು ಸುಟ್ಟು, ಡ್ಯಾಷ್‌ಬೋರ್ಡಿನೊಳಗಿಂದ ಹೊಗೆ ಬಂದ ಮೇಲೆಯೇ ಎಷ್ಟೋ ಮಂದಿಗೆ ಬೆಳಕಿನ ಬೆಲೆ ತಿಳಿದದ್ದು.

ನನ್ನ ಹಳೆಯ ಫಿಯಟ್ಟಿಗೆ ಇಂಥದೇ ಒಂದು ಜೋಡಿಯನ್ನು ಹಾಕಿಸಬೇಕೆಂದು ನಾನೂ ಹೊರಟವನೇ. ಪರಿಚಯದ ಆಟೋ ಎಲೆಕ್ಟ್ರಿಷಿಯನ್ನರೊಬ್ಬರು ಬುರುಡೆಯ ಮಾತೆತ್ತದೆ ಮೊದಲು ಮೀಟರನ್ನು ಹಿಡಿದರು. ಎಂಜಿನ್ ಓಡುತ್ತಿರಲು ಬ್ಯಾಟರಿಯ ಬಳಿ 13.2 ವೋಲ್ಟು, ಹೋಲ್ಡರಿನ ಬಳಿ 11.8. ಸ್ವಿಚ್ಚು, ಡಿಪ್ಪರು, ತುಕ್ಕುಹಿಡಿದ ಅರ್ತಿಂಗು ಇವೆಲ್ಲ ದಾರಿಯಲ್ಲಿ ಸುಂಕ ವಸೂಲುಮಾಡಿ ಉಳಿದದ್ದಷ್ಟು. ವೋಲ್ಟು ನೂರಕ್ಕೆ ಹತ್ತು ತಗ್ಗಿದರೆ ಬೆಳಕು ನೂರಕ್ಕೆ ಮೂವತ್ತು ತಗ್ಗುವುದು ಇಂಥ ಬುರುಡೆಯ ಧರ್ಮ. “ಬಲ್ಬಿಗೆ ಊಟಾನೇ ಇಲ್ಲ ಸ್ವಾಮಿ, ದೊಡ್ಡದು ತಂದು ಏನ್ಮಾಡ್ತೀರಿ?” ಎಂದು, ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪವೈರನ್ನೆಳೆದು, ಎರಡು ರಿಲೇಗಳನ್ನು ಕೂರಿಸಿ, ಹಳೆಯ ಸ್ವಿಚ್ಚಿಗೆ ಅಪ್ಪಣೆ ಕೊಡುವ ಕೆಲಸವನ್ನು ಮಾತ್ರ ಉಳಿಸಿದರು. ಆಮೇಲೆ 60ಕ್ಕೆ 55ರ ಬುರುಡೆಯನ್ನು, ಬೆರಳಿನ ಜಿಡ್ಡು ತಗುಲಿದರೆ ಗಾಜು ಬಿಸಿಗೆ ಕೆಡುವುದೆಂದು ಬಟ್ಟೆಯಲ್ಲಿ ಹಿಡಿದು ನನಗೆ ತೋರಿಸಿದರು: ಒಳಗೆ ಅದೇ ಪುಟ್ಟ ಬಟ್ಟಲು.

ಆ ಬಟ್ಟಲಿನ ಕೆಲಸವನ್ನು ಸರ್ಕಾರವೂ ಮಾತಿನಲ್ಲಿ ಬರೆದಿಟ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ದೀಪದಿಂದ 8 ಮೀಟರು ದೂರದಲ್ಲಿ, ನೆಲದಿಂದ 1.5 ಮೀಟರು ಎತ್ತರದಲ್ಲಿರುವ ಕಣ್ಣನ್ನು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರತಕ್ಕದ್ದು. ಲಾರಿಗಳ ಹಿಂಬದಿಯಲ್ಲಿ ಇರುಳಿನಲ್ಲಿ ಡಿಪ್ಪರ್ ಬಳಸಿರೆಂದು ಬರೆಸುತ್ತಿದ್ದುದೂ, ಹೆಡ್‌ಲೈಟಿನ ಗಾಜಿನ ನಡುವೆ ಕಪ್ಪುಬೊಟ್ಟನ್ನು ಬಳಿಯುತ್ತಿದ್ದುದೂ ಇದೇ ನಿಯಮದ ಜನಪದ ಭಾಷ್ಯಗಳು. 1991ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಗಾಡಿಯಲ್ಲಿ ಹುಟ್ಟಿದ ಕ್ಸೆನಾನ್ ದೀಪಕ್ಕಾಗಲಿ, 2007ರಲ್ಲಿ ಲೆಕ್ಸಸ್ ಗಾಡಿಯಲ್ಲಿ ಹೊಮ್ಮಿದ ಎಲ್‌ಇಡಿ ಹೆಡ್‌ಲೈಟಿಗಾಗಲಿ ಅವುಗಳ ತವರಿನಲ್ಲಿ ತಕ್ಕ ಮಸೂರಗಳೂ ಮರೆಗಳೂ ಇದ್ದವು. ಪೇಟೆಯಲ್ಲಿ ಆ ಬೆಳಕಿನ ಮೂಲವನ್ನು ಮಾತ್ರ ಕಿತ್ತುತಂದು, ಎಂದೋ ತಂತಿನ ಲೆಕ್ಕಕ್ಕೆ ಕಡೆದ ಹಳೆಯ ಕನ್ನಡಿಯೊಳಗೆ ತುರುಕಿದಾಗ, ನೂರು ವರ್ಷದ ಗಳಿಕೆಯಲ್ಲಿ ಅರ್ಧವನ್ನು ಪಡೆದು ಅರ್ಧವನ್ನು ಬೀದಿಗೆ ಚೆಲ್ಲಿದಂತಾಗುತ್ತದೆ. ಚೆಲ್ಲಿದುದು ಎದುರಿನವನ ಕಣ್ಣಿಗೆ ಬೀಳುತ್ತದೆ.

ಸಂಜೆ ಕಪ್ಪಿಡುತ್ತಲೇ ಆ ಎಲೆಕ್ಟ್ರಿಷಿಯನ್ನರು ಗಾಡಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ದೀಪದ ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆಯೆಳೆದು, ಗೋಡೆಯ ಮೇಲೆ ಬಿದ್ದ ಬೆಳಕಿನ ಅಂಚು ಆ ಗೆರೆಗಿಂತ ಕೆಳಗಿಳಿಯುವವರೆಗೂ ಸ್ಕ್ರೂವನ್ನು ತಿರುವಿದರು. ಸಾಕಲ್ಲವೇ ಎಂದೆ. “ಇನ್ನೊಂದು ಚೂರು ಇಳಿಸ್ತೀನಿ ಸ್ವಾಮಿ, ಎದುರಿಗೆ ಬರೋನೂ ಮನೆ ಸೇರ್ಬೇಕಲ್ಲ” ಎಂದರು.

ಆ ವಾರವೇ ಮಂಡ್ಯದ ಆಚೆ, ಹೆದ್ದಾರಿಯನ್ನು ಬಿಟ್ಟು ಒಳದಾರಿಗೆ ತಿರುಗಿದ ಮೇಲೆ, ಕಬ್ಬು ಹೇರಿದ ಎತ್ತಿನ ಗಾಡಿಯೊಂದು ಎದುರಾಯಿತು. ಅದರ ಅಚ್ಚಿನ ಕೆಳಗೆ ಲಾಟೀನಿರಲಿಲ್ಲ. ನಾನು ಡಿಪ್ ಮಾಡಿದೆನು. ಬೆಳಕು ರಸ್ತೆಗಿಳಿದು ಮೊದಲು ಎತ್ತುಗಳ ಗೊರಸನ್ನೂ ಆಮೇಲೆ ಚಕ್ರದ ಕಬ್ಬಿಣದ ಪಟ್ಟೆಯನ್ನೂ ತೋರಿಸಿತು. ಗಾಡಿಯವನು ಪಕ್ಕದಲ್ಲಿ ಹಾದುಹೋಗುವಾಗ ಕಣ್ಣಿಗೆ ಕೈ ಅಡ್ಡ ಹಿಡಿಯಲಿಲ್ಲ. ನೋಡಿದರೆ, ಅವನು ನಿದ್ದೆಹೋಗಿದ್ದನು.