ಸುಪೆಯ ದಂಗೆಯೂ ದಿವಾಣಿ ದಾವೆಯೂ

ಈಗ ಪುಣೆ ಜಿಲ್ಲೆಯ ಬಾರಾಮತಿ ತಾಲೂಕಿಗೆ ಸೇರಿರುವ ಸುಪೆ, 1875ರಲ್ಲಿ ಭೀಮಥಡಿ ತಾಲೂಕಿನ ಸಂತೆಯ ಊರಾಗಿತ್ತು. ಆ ವರ್ಷದ ಮೇ 12ರ ಸಂತೆಯ ದಿನ ರೈತರು ಅಲ್ಲಿನ ಸಾವಕಾರರ ಮೇಲೆ ಏರಿಹೋದರು. ದಂಗೆ ಹಬ್ಬಿದ ಊರುಗಳಲ್ಲೆಲ್ಲ ಜನರು ಮುಖ್ಯವಾಗಿ ಅರಸಿದ್ದು ಸಾಲಪತ್ರ, ಲೆಕ್ಕದ ವಹಿ, ಡಿಕ್ರಿಗಳನ್ನು. ಅವನ್ನು ಒಪ್ಪಿಸಿದಲ್ಲಿ ಬಹುಮಟ್ಟಿಗೆ ಬಡಿದಾಟ ನಡೆಯಲಿಲ್ಲ.

ಕಾಗದದ ಮೇಲೆ ಇಷ್ಟು ರೋಷವೇಕೆ? 1861ರಿಂದ 1865ರವರೆಗಿನ ಅಮೇರಿಕದ ಅಂತರ್ಯುದ್ಧದ ಕಾಲಕ್ಕೆ ಹತ್ತಿಯ ಬೆಲೆ ಏರಿ ಸಾಲ ಸುಲಭವಾಗಿತ್ತು. ಯುದ್ಧ ಮುಗಿದು ಬೆಲೆ ಕುಸಿಯಿತು, ಭೂಕಂದಾಯವೋ ಹೆಚ್ಚಿತು. 1859ರ ಕಾಲಮಿತಿ ಕಾಯಿದೆ ಸಾದಾ ಸಾಲಪತ್ರದ ದಾವೆಗೆ ಮೂರು ವರ್ಷಗಳ ಅವಧಿ ಹಾಕಿದ್ದರಿಂದ, ಸಾವಕಾರರು ಬಡ್ಡಿಯನ್ನು ಅಸಲಿಗೆ ಸೇರಿಸಿ ಮತ್ತೆ ಮತ್ತೆ ಹೊಸ ಪತ್ರ ಬರೆಯಿಸಿಕೊಂಡರು. ಅದೇ ವರ್ಷದ ದಿವಾಣಿ ಪ್ರಕ್ರಿಯಾ ಸಂಹಿತೆಯಲ್ಲಿ ವಾದಪತ್ರ, ಸಮನ್ಸು, ವಿಚಾರಣೆ, ತೀರ್ಪು ಎಂಬ ಕ್ರಮವೇನೋ ಇತ್ತು. ಆದರೆ ಓದುಬರಹವಿಲ್ಲದ ಪ್ರತಿವಾದಿ ದೂರದ ಕೋರ್ಟಿಗೆ ಬಾರದೆ ಹೋದಾಗ ಡಿಕ್ರಿ ಏಕಪಕ್ಷೀಯವಾಗುತ್ತಿತ್ತು. ಪತ್ರದ ಮೇಲಿನ ಗುರುತನ್ನು ನೋಡಿದ ನ್ಯಾಯಾಲಯ ಆ ಪತ್ರ ಹುಟ್ಟಿದ ಬಗೆಯನ್ನು ಕೇಳುತ್ತಿರಲಿಲ್ಲ.

ದಂಗೆಯ ವಿಚಾರಣೆಗೆ ಆಯೋಗ ಕುಳಿತಿತು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಬಂದಿತು. ಅದರ ಪ್ರಕಾರ ನ್ಯಾಯಾಧೀಶನು ಸಾಲದ ವ್ಯವಹಾರವನ್ನು ಮೊದಲಿನಿಂದ ಶೋಧಿಸಬೇಕು. ಸಂಧಾನಕಾರರು ನೇಮಕವಾದಲ್ಲಿ ಅವರ ಪ್ರಮಾಣಪತ್ರವಿಲ್ಲದೆ ರೈತನ ಮೇಲೆ ದಾವೆ ಹೂಡುವಂತಿಲ್ಲ. ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕುವಂತಿಲ್ಲ. ಮಹಾದೇವ ಗೋವಿಂದ ರಾನಡೆಯವರು ಈ ಕಾಯಿದೆಯಡಿ ವಿಶೇಷ ನ್ಯಾಯಾಧೀಶರಾಗಿ ದುಡಿದರು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗಿದ್ದ ಕಾಯಿದೆಯ ಕೆಲವು ಭಾಗಗಳು ಮುಂದೆ ಮುಂಬಯಿ ಪ್ರಾಂತದ ಉಳಿದೆಡೆಗೂ ವಿಸ್ತರಿಸಿದವು. ಧಾರವಾಡ, ಬೆಳಗಾವಿ, ವಿಜಾಪುರಗಳ ಕನ್ನಡಿಗ ಒಕ್ಕಲಿಗನಿಗೂ ಅದರ ನೆರಳು ಸಿಕ್ಕಿತು.

ಸಾವಕಾರನ ಹಣ ಸುಳ್ಳಾಗಿರಲಿಲ್ಲ. ಕೊಟ್ಟ ಸಾಲವನ್ನು ಕೇಳುವ ಹಕ್ಕು ಅವನಿಗಿತ್ತು. ಆದರೆ ವಾದಪತ್ರ ಸಲ್ಲಿಸುವುದರಿಂದಲೇ ದಾವೆ ಪೂರ್ಣವಾಗುವುದಿಲ್ಲ, ಎದುರು ಪಕ್ಷದ ಮಾತು ನ್ಯಾಯಪೀಠಕ್ಕೆ ಮುಟ್ಟಿದಾಗ ಮಾತ್ರ ಅದು ದಾವೆಯೆನಿಸುತ್ತದೆ ಎಂಬುದನ್ನು ಸುಪೆ ಕಲಿಸಿತು. ಇಂದಿನ 1908ರ ಸಂಹಿತೆಯಲ್ಲಿಯೂ ಪ್ರತಿವಾದಿ ಸಾಮಾನ್ಯವಾಗಿ ಸಮನ್ಸು ಮುಟ್ಟಿದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲವೆಂದು ತೋರಿಸಿ ಏಕಪಕ್ಷೀಯ ಡಿಕ್ರಿಯನ್ನು ರದ್ದುಗೊಳಿಸಲು ಕೇಳಬಹುದು. ಊರಿನಲ್ಲಿ ಹೊಲಮನೆಗಳ ಪಾಲನ್ನಿಟ್ಟು ಪರಸ್ಥಳದಲ್ಲಿ ನೆಲೆಸಿದವರು ಈ ನಿಯಮವನ್ನು ಅರಿತಿರುವುದು ಲೇಸು. ಹಳೆಯ ವಿಳಾಸಕ್ಕೆ ಹೋದ ಒಂದು ಸಮನ್ಸಿನಲ್ಲಿ ಅವರ ಪಾಲಿನ ಇಡೀ ದಾವೆಯೇ ಅಡಗಿರಬಹುದು.