ಮುರಗೋಡದ ಜನಸಂಖ್ಯೆಯೂ ಹಾದಿಗಳೂ

ಬೆಳಗಾವಿ ಜಿಲ್ಲೆಯಲ್ಲಿ ಬೈಲಹೊಂಗಲದಿಂದ ಯರಗಟ್ಟಿಗೆ ಹೋಗುವ ಮಾರ್ಗದಲ್ಲಿ ಮುರಗೋಡವೆಂಬ ದೊಡ್ಡ ಗ್ರಾಮವುಂಟು. ಮಹಾಂತ ದುರದುಂಡೀಶ್ವರ ಮಠದಿಂದಲೂ ಚಿದಂಬರ ದೀಕ್ಷಿತರ ಹೆಸರಿನಿಂದಲೂ ಅದು ಕನ್ನಡ, ಮರಾಠಿ ಸೀಮೆಗಳೆರಡರಲ್ಲಿಯೂ ಪ್ರಸಿದ್ಧವಾಗಿರುವದು. ಮಠ-ಗುಡಿಗಳ ಚರಿತ್ರೆಯನ್ನು ಬರೆದವರು ಬಹುಮಂದಿ. ಊರಿನ ಜನರ ಎಣಿಕೆಯನ್ನೂ ಚಕ್ಕಡಿಗಳ ಜಾಡನ್ನೂ ಕೂಡಿಸಿ ನೋಡಿದವರು ವಿರಳ. ಇವೆರಡನ್ನೂ ಅಗಲಿಸಿದರೆ ಎಣಿಕೆಗೆ ಅರ್ಥವೇ ಉಳಿಯದು.

ಮುರಗೋಡವು ಹತ್ತಿಯ ಮತ್ತು ಕಾಳುಕಡಿಗಳ ಪೇಟೆಯಾಗಿ ಬೆಳೆದ ಊರು. ಆಂಗ್ಲರ ಆಳಿಕೆಯಲ್ಲಿ ಅದು ಪರಸಗಡ ತಾಲೂಕಿಗೆ ಸೇರಿದ್ದಿತು. ಆ ತಾಲೂಕಿನ ಕಚೇರಿಯಿದ್ದದ್ದು ಸವದತ್ತಿಯಲ್ಲಿ. ನೆರೆಯ ಸಂಪಗಾವಿ ತಾಲೂಕಿನ ಕಚೇರಿಯಿದ್ದ ಬೈಲಹೊಂಗಲವು ಅದಕ್ಕಿಂತಲೂ ಸಮೀಪ. ಹೀಗಾಗಿ ಕಂದಾಯವು ಒಂದು ದಿಕ್ಕಿಗೆ, ಸರಕು ಇನ್ನೊಂದು ದಿಕ್ಕಿಗೆ ಹೋಗುವಂತಾಯಿತು. 1861ರಿಂದ 1865ರ ವರೆಗೆ ಅಮೇರಿಕೆಯ ಅಂತಃಕಲಹದಿಂದ ಅಲ್ಲಿಯ ಹತ್ತಿಯು ವಿಲಾಯತಿಗೆ ಬಾರದಾದಾಗ ಎರೆಭೂಮಿಯ ಹತ್ತಿಗೆ ಬೆಲೆ ಬಂದಿತು. ಅಂದು ಈ ಸೀಮೆಯ ಅಂಡಿಗೆಗಳು ಎತ್ತಿನ ಬಲದಿಂದಲೇ ಘಟ್ಟವಿಳಿದು ವೆಂಗುರ್ಲೆ, ಕುಮಟೆ ಮೊದಲಾದ ಬಂದರಗಳನ್ನು ಸೇರಬೇಕಾಗಿದ್ದಿತು.

ಆದರೆ ಎತ್ತಿನ ಬಲವು ಮೇವು-ನೀರುಗಳ ಬಲವೇ ಸರಿ. ಇದು ಧಾತು ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ಘೋರವಾಗಿ ತಿಳಿದುಬಂದಿತು. ಮಳೆ ಹೋಯಿತು; ಬೆಳೆ ಹೋಯಿತು; ಮೇವಿಲ್ಲದೆ ದನಗಳು ಬಿದ್ದವು. ಕಾಳು ಎಲ್ಲಿಂದಲೋ ಬರಬೇಕಾಗಿದ್ದ ಹೊತ್ತಿಗೆ ಅದನ್ನು ತರುವ ಎತ್ತುಗಳೇ ಇಲ್ಲವಾದವು. ಆಗ ಉಗಿಬಂಡಿಯಿದ್ದದ್ದು ಸೊಲ್ಲಾಪುರ, ಬಳ್ಳಾರಿಗಳಂಥ ದೂರದ ಠಾಣ್ಯಗಳಲ್ಲಿ. ಬಂದರಕ್ಕೆ ಹಡಗಿನಲ್ಲಿ ಬಂದ ಧಾನ್ಯವೂ ಘಟ್ಟವನ್ನೇರಲು ಎತ್ತನ್ನೇ ಕಾಯಬೇಕು. 1872ರಲ್ಲಿ ಒಂಬತ್ತೂವರೆ ಲಕ್ಷದ ಸಮೀಪವಿದ್ದ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ ಎಂಟೂ ಮುಕ್ಕಾಲು ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಅಂಕೆಯು ವಿಂಗಡಿಸಿ ಹೇಳುವದಿಲ್ಲ.

ಆ 1881ರ ಎಣಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಫೆಬ್ರುವರಿ 17ರ ರಾತ್ರಿ ಯಾರು ಎಲ್ಲಿದ್ದರೋ ಅಲ್ಲಿಯೇ ಅವರನ್ನು ಲೆಕ್ಕಕ್ಕೆ ಹಿಡಿಯಲಾಯಿತು. ಪಂಚಾಂಗದ ಗಣಿತವನ್ನು ಹಾಕಿ ನೋಡಿದರೆ ಆ ದಿನವು ಮಾಘ ಶುದ್ಧ ಪೌರ್ಣಿಮೆ, ನಮ್ಮ ಭಾರತ ಹುಣ್ಣಿಮೆ, ಕಳೆದು ಮೂರುನಾಲ್ಕು ದಿನಗಳಿಗೇ ಬರುವದು. ಎಲ್ಲಮ್ಮನ ಗುಡ್ಡದ ಜಾತ್ರೆಯ ಚಕ್ಕಡಿಗಳು ತಿರುಗಿ ಊರು ಸೇರುವ ಕಾಲವದು! ಸವದತ್ತಿಯ ಸುತ್ತಲಿನ ಗ್ರಾಮಗಳ ಅಂದಿನ ಅಂಕೆಗಳನ್ನು ಓದುವವರು ಮನೆಯವರ ಜೊತೆಗೆ ಹಾದಿಯವರೂ ಅದರಲ್ಲಿ ಬೆರೆತಿರಬಹುದೆಂಬುದನ್ನು ಮರೆಯಲಾಗದು. ಗುಮಾಸ್ತರು ಬರೆದ ಅಂಕೆಯೆಂದ ಮಾತ್ರಕ್ಕೆ ಅದು ವೇದವಾಕ್ಯವಲ್ಲ.

ಬರದ ಅನುಭವದಿಂದಲೇ ರೇಲ್ವೆಯ ಮಾತು ಬಲಗೊಂಡು 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಹುಟ್ಟಿತು. 1887ರಲ್ಲಿ ಬೆಳಗಾವಿಗೆ ಗಾಡಿ ಬಂದಿತು. ಮುಂದಿನ ಎಣಿಕೆಯಲ್ಲಿ ಜಿಲ್ಲೆಯ ಜನ ಹತ್ತು ಲಕ್ಷವನ್ನು ದಾಟಿದರು; ಮತ್ತೆ ಬರ, ಪ್ಲೇಗುಗಳ ಹೊಡೆತದಿಂದ 1901ರಲ್ಲಿ 9,93,976ಕ್ಕೆ ಇಳಿದರು. ಹಳಿಗಳು ಮಾತ್ರ ಜಿಲ್ಲೆಯ ಪಶ್ಚಿಮದಲ್ಲಿಯೇ ಸಾಗಿ ಮೀರಜದತ್ತ ಹೋದವು. ಮುರಗೋಡದ ಪಾಲಿಗೆ ಬಂದದ್ದು ಬೆಳಗಾವಿಯವರೆಗಿನ ಚಕ್ಕಡಿ ಹಾದಿಯೇ. ಬೈಲಹೊಂಗಲವು ಹತ್ತಿಯ ಪೇಟೆಯಾಗಿ ಮೇಲೆದ್ದಿತು. ಮೋಟಾರಿನ ಕಾಲ ಬಂದಾಗ ಬೆಳಗಾವಿ-ಬಾಗಲಕೋಟೆಯ ರಸ್ತೆಯೂ ಗೋಕಾಕ-ಸವದತ್ತಿಯ ರಸ್ತೆಯೂ ಕೂಡುವ ಯರಗಟ್ಟಿಗೆ ಕೂಡುದಾರಿಯ ಭಾಗ್ಯವೊದಗಿತು. ನಡುವೆ ಉಳಿದ ಮುರಗೋಡಕ್ಕೆ ಕಚೇರಿಯೂ ಇಲ್ಲ, ಹಳಿಯೂ ಇಲ್ಲ, ಕೂಡುದಾರಿಯೂ ಇಲ್ಲ.

ಆದರೂ ಊರು ಬರಿದಾಗಲಿಲ್ಲ. ಎರೆಹೊಲವನ್ನು ಯಾವ ರಸ್ತೆಯೂ ಹೊತ್ತೊಯ್ಯಲಾರದಷ್ಟೆ. ಇಂದು ಸರಕಾರದ ಮೋಟಾರುಗಳು ಬೈಲಹೊಂಗಲ, ಯರಗಟ್ಟಿ, ಸವದತ್ತಿಗಳಿಗೆ ಜನರನ್ನು ಒಯ್ದು ತರುತ್ತಿರುವವು. ರೇಲ್ವೆ ಬೇಕಾದವರು ಬೆಳಗಾವಿಗೋ ಧಾರವಾಡಕ್ಕೋ ಹೋಗಬೇಕು. ಕಾರ್ತಿಕ ಬಹುಳ ಷಷ್ಠಿಯ ಚಿದಂಬರ ಜಯಂತಿಗೆ ಮಹಾರಾಷ್ಟ್ರದಿಂದ ಬರುವ ಭಕ್ತರೂ ಕೊನೆಯ ಹರದಾರಿಗಳನ್ನು ರಸ್ತೆಯಿಂದಲೇ ಕ್ರಮಿಸುವರು.