ರಚ್ಚೆ ಹಿಡಿದ ಕೂಸು

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕೂಸು ಅಳಲು ತೊಡಗುತ್ತದೆ. ಹಾಲು ಕುಡಿಸಿಯಾಯಿತು, ಬಟ್ಟೆ ಬದಲಿಸಿಯಾಯಿತು, ತೊಟ್ಟಿಲು ತೂಗಿಯಾಯಿತು. ಅಳು ಮಾತ್ರ ನಿಲ್ಲದು. ಇಂಥ ಅಳುವಿಗೆ ಕನ್ನಡದಲ್ಲಿ ‘ರಚ್ಚೆ’ ಎಂಬ ಸೊಗಸಾದ ಮಾತಿದೆ. ಕಾರಣ ತಿಳಿದರೆ ಅದು ಅಳು; ತಿಳಿಯದೆ ಮನೆಮಂದಿಯೆಲ್ಲ ಕಂಗೆಟ್ಟರೆ ರಚ್ಚೆ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ, ನೆರೆಮನೆಯಾಕೆ ಬಜೆ ತೇಯ್ದು ನೆಕ್ಕಿಸು ಎನ್ನುತ್ತಾಳೆ, ತಂದೆ ಗ್ರೈಪ್ ವಾಟರಿನ ಸೀಸೆ ಹುಡುಕುತ್ತಾನೆ. ಈ ಗಡಿಬಿಡಿಯ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಸ್ಕಂದ, ಶಕುನಿ, ರೇವತಿ, ಪೂತನೆ ಮೊದಲಾಗಿ ನೈಗಮೇಷನವರೆಗೆ ಒಂಬತ್ತು ಬಾಲಗ್ರಹಗಳ ವರ್ಣನೆಯಿದೆ; ಅವುಗಳಿಗೆ ಸ್ನಾನ, ಧೂಪ, ಬಲಿಗಳ ವಿಧಿಯಿದೆ. ಓದಿ ನಕ್ಕು ಬಿಡುವುದು ಸುಲಭ. ಆದರೆ ಅದೇ ಗ್ರಂಥದ ಶಾರೀರಸ್ಥಾನ ಇನ್ನೊಂದು ಮಾತನ್ನು ಹೇಳುತ್ತದೆ: ಕೂಸು ತನಗೆ ನೋವಿರುವ ಅಂಗವನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತದೆ, ಬೇರೆಯವರು ಮುಟ್ಟಿದರೆ ಅಳುತ್ತದೆ. ತೊಟ್ಟಿಲ ಬಳಿ ಬಹಳ ಹೊತ್ತು ಕುಳಿತು ನೋಡಿದವನಿಗಲ್ಲದೆ ಈ ಮಾತು ಹೊಳೆಯದು.

ಕಾಶ್ಯಪಸಂಹಿತೆ ಇನ್ನೂ ಮುಂದೆ ಹೋಗುತ್ತದೆ. ಶಿಶುವೈದ್ಯಕ್ಕೇ ಮೀಸಲಾದ ಈ ಗ್ರಂಥ ನೇಪಾಳದಲ್ಲಿ ದೊರೆತ, ಗರಿಗಳು ಕಳೆದುಹೋದ ಒಂದು ತಾಳೆಯೋಲೆಯ ಪ್ರತಿಯಿಂದ, ರಾಜಗುರು ಹೇಮರಾಜ ಶರ್ಮರ ವಿಸ್ತಾರವಾದ ಉಪೋದ್ಘಾತದೊಡನೆ ೧೯೩೮ರಲ್ಲಿ ಅಚ್ಚಾಯಿತು. ಇದರ ವೇದನಾಧ್ಯಾಯದಲ್ಲಿ ಶಿಷ್ಯನಾದ ವೃದ್ಧಜೀವಕನು, ಮಾತು ಬಾರದ ಮಕ್ಕಳ ನೋವನ್ನು ವೈದ್ಯನು ಅರಿಯುವುದು ಹೇಗೆಂದು ಕಶ್ಯಪನನ್ನು ಕೇಳುತ್ತಾನೆ. ತಲೆನೋವಾದರೆ ಕೂಸು ತಲೆಯನ್ನು ಬಹಳವಾಗಿ ಅಲುಗಿಸುತ್ತದೆ, ಕಣ್ಣು ಮುಚ್ಚುತ್ತದೆ, ನರಳುತ್ತದೆ. ಕಿವಿನೋವಾದರೆ ಕೈಗಳಿಂದ ಕಿವಿ ಮುಟ್ಟಿಕೊಂಡು ತಲೆ ಹೊರಳಿಸುತ್ತದೆ. ಹೊಟ್ಟೆಶೂಲೆಯಾದರೆ ಮೊಲೆಯನ್ನು ಒಲ್ಲದೆ ಅಳುತ್ತದೆ, ಹೊಟ್ಟೆ ಬಿಗಿಯುತ್ತದೆ, ಮುಖ ಬೆವರುತ್ತದೆ. ಕೇಳಿದ ಶಿಷ್ಯನ ಕಥೆಯೂ ಸ್ವಾರಸ್ಯವಾದುದು. ಗುರುವಿನ ಮಹಾಗ್ರಂಥವನ್ನು ಸಂಗ್ರಹಿಸಿದಾಗ ಜೀವಕನಿಗೆ ಐದೇ ವರ್ಷ. ಹುಡುಗನ ಮಾತೆಂದು ಋಷಿಗಳು ಮನ್ನಿಸಲಿಲ್ಲ. ಆಗ ಅವನು ಅವರೆದುರಿಗೇ ಕನಖಲದ ಗಂಗೆಯಲ್ಲಿ ಮುಳುಗಿ, ನರೆಗೂದಲು ಸುಕ್ಕುಮುಖದ ಮುದುಕನಾಗಿ ಎದ್ದನಂತೆ! ಮಗುವಿನ ಮಾತಿಗೆ ಬೆಲೆ ಬರಬೇಕಾದರೆ ಅದು ಮುದುಕನಾಗಬೇಕಾಯಿತು.

ಈ ಅಧ್ಯಾಯವನ್ನು ಓದಿದ ದಿನ ನನಗೆ ತಂಗಿಯ ನೆನಪಾಯಿತು. ಎಂಟು ತಿಂಗಳ ಕೂಸಾಗಿದ್ದಾಗ ಅವಳು ಮೂರು ರಾತ್ರಿ ಬಿಡದೆ ಅತ್ತಳು. ತಾಯಿತ ಕಟ್ಟಿಸಿದರು, ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಅವಳ ಕೈ ಕಿವಿಗೆ ಹೋಗುತ್ತಿದ್ದುದನ್ನು ಎಲ್ಲರೂ ನೋಡಿದ್ದರು, ಯಾರೂ ಗಮನಿಸಿರಲಿಲ್ಲ. ನಾಲ್ಕನೆಯ ಬೆಳಗ್ಗೆ ದಿಂಬಿನ ಮೇಲೆ ಕೀವು ಇಳಿದಿತ್ತು, ಅಳು ನಿಂತಿತ್ತು. ದೃಷ್ಟಿ ಹೋಯಿತೆಂದು ಮನೆಯವರು ಸಮಾಧಾನಪಟ್ಟರು. ಕಿವಿ ಸೋರುವುದು ಮಾತ್ರ ವರ್ಷಗಟ್ಟಲೆ ಬಿಡಲಿಲ್ಲ. ಇಂದಿಗೂ ನಾವು ಮಾತಾಡಿದರೆ ಅವಳು ಇನ್ನೊಂದು ಕಿವಿಯನ್ನು ನಮ್ಮ ಕಡೆಗೆ ತಿರುಗಿಸುತ್ತಾಳೆ.

ಅಳುವನ್ನು ಅರ್ಥ ಮಾಡಿಕೊಳ್ಳುವುದಕ್ಕಿಂತ ಅಡಗಿಸುವುದು ಸುಲಭ. ೧೮೪೯ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮಿಸೆಸ್ ವಿನ್ಸ್‌ಲೋ ಸಿರಪ್ಪು ಕೂಸುಗಳನ್ನು ಮಲಗಿಸಿದ್ದು ಮಾರ್ಫಿನ್ನಿನ ಬಲದಿಂದ. ಕೆಲವು ಕೂಸುಗಳು ಏಳಲೇ ಇಲ್ಲ. ಅಲ್ಲಿನ ವೈದ್ಯಸಂಘವು ೧೯೧೧ರಲ್ಲಿ ಅದನ್ನು ಶಿಶುಘಾತಕವೆಂದು ಬಹಿರಂಗವಾಗಿ ಖಂಡಿಸಿತು. ನಮ್ಮಲ್ಲಿ ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಹೋಗುತ್ತಿದ್ದರು. ಅವರನ್ನು ದೂರುವುದು ನ್ಯಾಯವಲ್ಲ. ಗಿರಣಿಯ ಸಿಳ್ಳೆ ಯಾರಿಗೂ ಕಾಯುತ್ತಿರಲಿಲ್ಲ. ಇವುಗಳ ಮುಂದೆ, ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ ೧೮೫೧ರಲ್ಲಿ ತಯಾರಿಸಿದ ಗ್ರೈಪ್ ವಾಟರು ಸಾಧುವೆಂದೇ ಹೇಳಬೇಕು, ಮೊದಲಿನ ಮಿಶ್ರಣದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾಗಳೊಡನೆ ಸ್ವಲ್ಪ ಮದ್ಯವೂ ಇದ್ದಿತೆಂಬುದನ್ನು ಬಿಟ್ಟರೆ.

ಅಳುವನ್ನು ಅಳೆದು ನೋಡುವ ಕೆಲಸ ನಡೆದದ್ದು ಬಹಳ ತಡವಾಗಿ. ೧೯೫೪ರಲ್ಲಿ ಅಮೆರಿಕದ ವೈದ್ಯ ಮಾರಿಸ್ ವೆಸೆಲ್ ಒಂದು ಗಡಿ ಗುರುತಿಸಿದರು: ದಿನಕ್ಕೆ ಮೂರು ಗಂಟೆಗೂ ಹೆಚ್ಚು, ವಾರದಲ್ಲಿ ಮೂರು ದಿನಕ್ಕೂ ಹೆಚ್ಚು, ಮೂರು ವಾರಕ್ಕೂ ಹೆಚ್ಚು ಅತ್ತರೆ ಅದು ಅತಿಯಾದ ಅಳು. ೧೯೬೨ರಲ್ಲಿ ಬ್ರೇಜಲ್ಟನ್ ಅವರು ೮೦ ಕೂಸುಗಳ ತಾಯಂದಿರಿಂದ ದಿನಚರಿ ಬರೆಯಿಸಿದರು. ಎರಡು ವಾರದ ಕೂಸು ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಅಳುತ್ತದೆ. ಆರನೆಯ ವಾರಕ್ಕೆ ಅದು ಎರಡೂಮುಕ್ಕಾಲು ಗಂಟೆಗೇರಿ, ಆಮೇಲೆ ಇಳಿಯುತ್ತದೆ. ಅಳು ಹೆಚ್ಚುವುದು ಮುಸ್ಸಂಜೆಯಲ್ಲೇ. ಈ ಕೂಸುಗಳಿಗೆ ರೋಗವೇನೂ ಇರಲಿಲ್ಲ. ಮೂರು ನಾಲ್ಕು ತಿಂಗಳಿಗೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುವ ಈ ರಚ್ಚೆಯ ಕೀರ್ತಿಯನ್ನು ಬಜೆ, ತಾಯಿತ, ಸೀಸೆಗಳು ಇಷ್ಟು ಕಾಲ ಹಂಚಿಕೊಂಡು ಬಂದಿದ್ದುವು!

ಆದರೂ ಹೊಸ ವೈದ್ಯ ಎಲ್ಲವನ್ನೂ ಬಲ್ಲದೆಂದು ಬೀಗುವಂತಿಲ್ಲ. ಹಸುಗೂಸಿಗೆ ನಮ್ಮಂತೆ ನೋವು ತಿಳಿಯದೆಂದು ನಂಬಿ, ೧೯೮೦ರ ದಶಕದವರೆಗೂ ಎಷ್ಟೋ ಕಡೆ ಅರೆಬರೆ ಅರಿವಳಿಕೆಯಲ್ಲೇ ಅವಕ್ಕೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಭಾರತೀಯ ಮೂಲದ ಕೆ. ಜೆ. ಎಸ್. ಆನಂದ್ ಮತ್ತು ಹಿಕಿ ಅವರು ೧೯೮೭ರಲ್ಲಿ ಪ್ರಕಟಿಸಿದ ಲೇಖನ ಈ ನಂಬಿಕೆಯನ್ನು ಅಲುಗಿಸಿತು. ವೃದ್ಧಜೀವಕನ ಪ್ರಶ್ನೆಯನ್ನು ಕೇಳಲು ಮತ್ತೆ ಅಷ್ಟು ಕಾಲ ಬೇಕಾಯಿತು.

ಹಾಗಾದರೆ ಹೆದರಬೇಕಾದುದು ಯಾವಾಗ? ಮೂರು ತಿಂಗಳೊಳಗಿನ ಕೂಸಿಗೆ ಜ್ವರ ೧೦೦.೪ ಡಿಗ್ರಿ ಮುಟ್ಟಿದರೆ, ಹಾಲು ಒಲ್ಲದಿದ್ದರೆ, ಹಸುರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನೆತ್ತಿ ಉಬ್ಬಿದರೆ, ಅಳುವಿನ ಸ್ವರವೇ ಎಂದಿನಂತಿಲ್ಲದೆ ಕೀರಲಾದರೆ, ಬೆಳಗಾಗುವುದನ್ನು ಕಾಯದೆ ವೈದ್ಯರ ಬಳಿಗೆ ಒಯ್ಯಬೇಕು. ಬೆರಳಿಗೆ ಕೂದಲೆಳೆ ಸುತ್ತಿಕೊಂಡು ಬಿಗಿದಿದ್ದರೂ ಕೂಸು ಕಿರುಚುತ್ತದೆ. ಕಾಲುಚೀಲ ಬಿಚ್ಚಿ ನೋಡಬೇಕು. ಏನೂ ಕಾಣದೆ, ತೂಗಿದವರ ತಾಳ್ಮೆಯೇ ತಪ್ಪುವಂತಿದ್ದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಹತ್ತು ನಿಮಿಷ ಹೊರಗೆ ಹೋಗುವುದು ಮೇಲು. ಕುಲುಕಿದರೆ ಎಳೆಯ ಮೆದುಳಿನಲ್ಲಿ ರಕ್ತಸ್ರಾವವಾಗುತ್ತದೆಂದು ಜಾನ್ ಕ್ಯಾಫಿ ೧೯೭೨ರಲ್ಲೇ ಎಚ್ಚರಿಸಿದ್ದರು. ಎಲ್ಲಕ್ಕಿಂತ ಹೆಚ್ಚಿನ ಅಂಜಿಕೆ ಇರುವುದು, ಇಡೀ ದಿನ ಅತ್ತ ಕೂಸು ಸಂಜೆಗೆ ಸೊಪ್ಪಿನಂತೆ ಬಾಡಿ, ಎಬ್ಬಿಸಿದರೂ ಕಣ್ಣು ತೆರೆಯದೆ, ಅಳುವುದನ್ನೇ ಬಿಟ್ಟಾಗ.